ಎರಡು ಸೆಕೆಂಡು ತಡವಾದ ಕರೆ

ನಮ್ಮ ಮನೆಯ ಹಳೆಯ ಫೋನು ವಯಸ್ಸಾಗಿ ಸಾಯಲಿಲ್ಲ. ಮನೆಮಂದಿಯೆಲ್ಲ ಸೇರಿ, ಹಾಡುಹಗಲಲ್ಲಿ, ಅದರ ತಂತಿ ಕತ್ತರಿಸಿದೆವು. ಗೋವಾದ ವಾಸ್ಕೋ ಊರಲ್ಲಿ, ಸಡಾ ಗುಡ್ಡದ ಇಳಿಜಾರಿನ ಈ ಮನೆಗೆ ಬಂದ ಹೊಸತರಲ್ಲಿ ಹಾಕಿಸಿದ್ದ ಕಪ್ಪು ಫೋನು ಅದು. ಹೆಂಡತಿ ಅದಕ್ಕೊಂದು ದಾರದ ಮುಸುಕು ಹೆಣೆದು ಹೊದಿಸಿದ್ದಳು. ಮಳೆಗಾಲದಲ್ಲಿ ಕರಕರ ಅನ್ನುತ್ತಿತ್ತು, ಕೆಲವೊಮ್ಮೆ ನಡುವೆ ಯಾರದೋ ಮನೆಯ ಕೊಂಕಣಿ ಜಗಳ ಕೇಳಿಸುತ್ತಿತ್ತು. ಆದರೆ ಕರೆಂಟು ಹೋದರೂ ಮಾತಾಡುತ್ತಿತ್ತು.

“ಅಪ್ಪಾ, ಈಗ ಒಂದ ವಾಯರಿನಾಗ ಟಿವಿ, ನೆಟ್, ಫೋನ್ ಎಲ್ಲಾ ಬರ್ತಾವು. ಈ ಡಬ್ಬಿ ಯಾಕ ಇಟ್ಕೊಂಡ ಕುಂತೀರಿ?” ಎಂದ ಮಗ. ಮೂರು ದಶಕ ಬಂದರಿನ ಕಡೆಯ ಕಚೇರಿಯೊಂದರಲ್ಲಿ ಫೈಲು ಸರಿಸಿದ ನಾನು ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದೆ. ಏನೂ ತಿಳಿಯಲಿಲ್ಲ. ಆದ್ದರಿಂದ ಪದ್ಧತಿಯಂತೆ ಸಹಿ ಹಾಕಿದೆ.

ಹೊಸ ಫೋನಿನ ಜೀವವೆಲ್ಲ ಗೋಡೆಗೆ ಬಡಿದ ಒಂದು ಪೆಟ್ಟಿಗೆಯಲ್ಲಿದೆ. ಅದಕ್ಕೆ ಐದು ಹಸಿರು ಕಣ್ಣು. ಒಂದು ಕೆಂಪಾದರೂ ಹೊರಜಗತ್ತಿನೊಂದಿಗೆ ನಮ್ಮ ರಾಜತಾಂತ್ರಿಕ ಸಂಬಂಧ ಮುರಿಯಿತೆಂದು ತಿಳಿಯಬೇಕು. ಕರೆಂಟು ಹೋದರೆ ಐದೂ ಮುಚ್ಚುತ್ತವೆ. ಅಂದರೆ, ಕರೆಂಟು ಹೋಗಿದೆ ಎಂದು ದೂರು ಕೊಡಲು ಕರೆಂಟು ಬರುವವರೆಗೆ ಕಾಯಬೇಕು. ಈ ವ್ಯವಸ್ಥೆಯನ್ನು ಯೋಚಿಸಿದವರು ಯಾರೇ ಇರಲಿ, ನಮ್ಮ ಕಚೇರಿಯಲ್ಲಿ ಬಹಳ ಮೇಲಕ್ಕೆ ಹೋಗುತ್ತಿದ್ದರು. ಇನ್ನು ಮೊಬೈಲು, ಅದಕ್ಕೆ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ನೀರಿನ ಟಾಕಿಯ ಮೇಲೆ ಹತ್ತಿದರೆ ಮಾತ್ರ. ಕೆಳಗೆ ಅದೂ ಅದೇ ಪೆಟ್ಟಿಗೆಯ ಕಾಲು ಹಿಡಿಯಬೇಕು.

ಇದನ್ನೆಲ್ಲ ಸಹಿಸಿದೆ. ಸಹಿಸಲಾಗದ್ದು ತಡ. ನಾನಾಡಿದ ಮಾತು ಇಲ್ಲಿಂದ ಹೊರಟು, ಯಾವ ಸಮುದ್ರ ಸುತ್ತುತ್ತದೋ, ಎರಡು ಸೆಕೆಂಡು ಬಿಟ್ಟು ಆಚೆ ತಲುಪುತ್ತದೆ. ಬೇರೆಯವರಿಗೆ ಇದು ದೊಡ್ಡ ಸಂಗತಿಯಲ್ಲದಿರಬಹುದು. ನಾವು ಧಾರವಾಡದ ಕಡೆಯವರು. ನಮ್ಮಲ್ಲಿ ಮಾತಾಡುವವನಿಗಿಂತ ಕೇಳುವವನಿಗೇ ಕೆಲಸ ಹೆಚ್ಚು. ಎರಡು ಶಬ್ದಕ್ಕೊಮ್ಮೆ “ಹೂಂ”, “ಹೌದಾ”, “ಖರೇನ?” ಎಂದು ಕೊಡುತ್ತಲೇ ಇರಬೇಕು. ಕೊಡದವನು ನಿದ್ದೆ ಹೋಗಿದ್ದಾನೆ, ಇಲ್ಲವೇ ಸಿಟ್ಟಾಗಿದ್ದಾನೆ. ಒಮ್ಮೆ ಧಾರವಾಡದ ನನ್ನ ಅಕ್ಕ ಒಂದೇ ಉಸಿರಿನಲ್ಲಿ ಒಂದು ಮದುವೆ ನಿಶ್ಚಯವಾದದ್ದನ್ನೂ ಒಬ್ಬ ಹಿರಿಯರು ತೀರಿಕೊಂಡದ್ದನ್ನೂ ಹೇಳಿದಳು. ಮದುವೆಗೆಂದು ನಾನಂದ “ಭಾಳ ಚಲೋ ಆತು” ಸಾವಿನ ಸುದ್ದಿಗೆ ಹೋಗಿ ಮುಟ್ಟಿತು.

ಈ ಅಕ್ಕ ಕನ್ನಡ ಶಾಲೆಯ ಅಕ್ಕೋರಾಗಿ ನಿವೃತ್ತಳಾದವಳು. ಹಾಜರಿ ಕೂಗುವಾಗ ಒಂದು ಕ್ಷಣ ತಡಮಾಡಿ “ಹಾಜರ್ರೀ” ಅಂದವನಿಗೂ ಗೈರುಹಾಜರಿ ಹಾಕುತ್ತಿದ್ದಳು. ಅಂಥವಳ ಎದುರು ಈ ಪೆಟ್ಟಿಗೆಯನ್ನು ನಂಬಿ ನಿಂತದ್ದು ನನ್ನ ತಪ್ಪು.

ಮಗನಿಗೆ ಹೆಣ್ಣುಮಗು ಹುಟ್ಟಿತು. ಮುಂದಿನ ರವಿವಾರ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದಾಯಿತು. ಮಗುವಿನ ಕಿವಿಯಲ್ಲಿ “ಕುರ್ರ್” ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಮಗನಿಗೆ ಅಕ್ಕತಂಗಿಯರಿಲ್ಲದ್ದರಿಂದ ಆ ಅಧಿಕಾರ ನನ್ನ ಅಕ್ಕನಿಗೆ ಬಂದಿತ್ತು. ಹೆಸರು ಆರಿಸುವುದೂ ಅವಳೇ. ತೊಟ್ಟಿಲ ಮುಂದೆ ನಿಲ್ಲುವವರೆಗೆ ಅದನ್ನವಳು ಯಾರಿಗೂ ಹೇಳುವವಳಲ್ಲ.

ಪ್ರತಿ ರವಿವಾರ ಬೆಳಿಗ್ಗೆ ಹತ್ತಕ್ಕೆ ಅವಳ ಫೋನು. ಅಂದೂ ಬಂತು.

“ಅಂದ್ರ ಬರೂ ರವಿವಾರ ತೊಟ್ಲಾ ಇಟ್ಕೊಂಡೀರಿ. ಹಂಗಾರ ನಾ ಬರ್ಲೇನು?”

ಇದು ಪ್ರಶ್ನೆಯಲ್ಲ, ಪದ್ಧತಿ. ಕೇಳಿದವಳ ಬಾಯಿ ಮುಚ್ಚುವ ಮೊದಲೇ “ಏನ್ ಕೇಳ್ತೀ ಅಕ್ಕಾ, ನೀ ಇಲ್ಲದ ತೊಟ್ಲಾ ಹೆಂಗ ಆಗತೈತಿ?” ಎಂದು ಮೈಮೇಲೆ ಬೀಳಬೇಕು. ನಾನು ಹಾಗೆಯೇ ಅಂದೆ. ಮಾತು ಸಮುದ್ರಯಾನಕ್ಕೆ ಹೋಯಿತು. ಧಾರವಾಡದಲ್ಲಿ ಅಕ್ಕನಿಗೆ ಕೇಳಿಸಿದ್ದು ಬರೀ ಮೌನ.

“ಇರ್ಲಿ ಬಿಡಪಾ,” ಎಂದಿತು ಅವಳ ದನಿ. “ಅಷ್ಟೊಂದ ವಿಚಾರ ಮಾಡಬ್ಯಾಡ.”

ಆಗ ನನ್ನ ಕರೆ ಅವಳಿಗೆ ಮುಟ್ಟಿರಬೇಕು. ಅಷ್ಟರಲ್ಲಿ ಅದು ಯಾರೋ ತಿವಿದು ಹೇಳಿಸಿದ ಮಾತಾಗಿತ್ತು. ಫೋನು ಇಟ್ಟುಬಿಟ್ಟಳು.

ಮತ್ತೆ ಮಾಡಿದೆ. ಇಬ್ಬರೂ ಒಟ್ಟಿಗೆ ಶುರುಮಾಡಿದೆವು, ಒಟ್ಟಿಗೆ ನಿಲ್ಲಿಸಿದೆವು. “ನೀ ಹೇಳು.” “ನೀ ಹೇಳು.” ನಡುವೆ ನನ್ನದೇ ದನಿ ತಿರುಗಿ ಬಂದು ನನಗೇ “ನೀ ಹೇಳು” ಎಂದಿತು. ಕೊನೆಗೆ ಹೇಳಿದೆ: “ಅಕ್ಕಾ, ತಡಾ ಆಗಿದ್ದು ಫೋನಿಂದ.”

“ಫೋನ್ ಏನ್ ಮಾಡೀತು? ಬಾಯಿ ನಿಂದ ಅಲ್ಲೇನು?”

ಇದಕ್ಕೆ ಉತ್ತರ ಕೊಟ್ಟರೆ ಅದೂ ತಡವಾಗಿಯೇ ಹೋಗುತ್ತಿತ್ತು. ಫೋನು ಇಟ್ಟೆ.

ಕಂಪನಿಯ ಮನುಷ್ಯನನ್ನು ಕರೆಸಿದೆ. ಪೆಟ್ಟಿಗೆಯನ್ನು ಆರಿಸಿ ಹಚ್ಚಿ, “ನೆಟ್ ಬರೇಂ ಆಸಾ, ಸರ್” ಎಂದ. ನೆಟ್ ಚೆನ್ನಾಗಿಯೇ ಇದೆಯಂತೆ. ಕೆಟ್ಟದ್ದು ನಮ್ಮ ಮನೆತನ ಮಾತ್ರ.

ಮಂಗಳವಾರದ ಹೊತ್ತಿಗೆ ಮನೆಯಲ್ಲಿ ಸಭೆ ಸೇರಿತು. “ನಿಮ್ಮಕ್ಕ ಬರ್ಲಿಲ್ಲಂದ್ರ ಕೂಸಿಗೆ ಕುರ್ರ್ ಅನ್ನೋರ್ಯಾರು?” ಎಂದಳು ಹೆಂಡತಿ.

“ಅತ್ತೀಗೆ ವಿಡಿಯೋ ಕಾಲ್ ಹಚ್ಚೂಣು,” ಎಂದ ಮಗ. “ಮೊಬೈಲ ಕೂಸಿನ ಕಿವೀ ಹಂತೇಕ ಹಿಡದ್ರಾತು.”

“ಅಲ್ಲೋ, ಕುರ್ರ್ ಅಂದಾಕಿ ಬೆನ್ನಿಗೆ ಹೆಣ್ಮಕ್ಕಳು ಗುದ್ದಬೇಕು. ಯಾರಿಗೆ ಗುದ್ದೂದು? ನಿನ್ನ ಮೊಬೈಲಿಗೇನು?”

ಶಾಸ್ತ್ರಾಧಾರವಿದ್ದ ಮಾತು. ಮಗ ಸೂಚನೆಯನ್ನು ಹಿಂತೆಗೆದುಕೊಂಡ.

ಕೊನೆಗೆ ದಾರಿ ತೋರಿದವನು ಕೆಳಗಿನ ಮನೆಯ ಲಾರಿ ಡ್ರೈವರ್. ವಿಜಯಪುರದ ಕಡೆಯವನು, ನಿಚ್ಚಣಿಕೆ ಕೇಳಲು ಬಂದವನು ಪೂರ್ತಿ ಪ್ರಕರಣ ಕೇಳಿಸಿಕೊಂಡು ನಿಂತ.

“ಅಲ್ರೀ ಸಾಹೇಬ್ರ, ಫೋನಿನಾಗ ಸುದ್ದಿ ಹೇಳತಾರ್ರಿ, ಅಕ್ಕನ್ನ ಕರೀತಾರೇನ್ರಿ? ನಮ್ಮ ಮಂದ್ಯಾಗೂ ಹಂಗ ಐತಿ. ಫೋನಿನಾಗ ಕರದ್ರ ಆಕಿ ಬರೂದಿಲ್ರಿ, ಆಕಿ ಸಿಟ್ಟ ಬರತೈತಿ.”

ಬುಧವಾರ ವಾಸ್ಕೋದಿಂದ ಬೆಳಗಿನ ಗಾಡಿ ಹತ್ತಿದೆ. ಚೀಲದಲ್ಲಿ ಕುಂಕುಮದ ಭರಣಿ, ಅಕ್ಷತೆ, ಒಂದು ತೆಂಗಿನಕಾಯಿ. ಘಟ್ಟ ಏರುವಾಗ ಮೊಬೈಲಿನ ಗೆರೆಗಳು ಒಂದೊಂದಾಗಿ ಮಾಯವಾದವು. ಲೋಂಡಾ ಬರುವವರೆಗೆ ಯಾರೂ ನನ್ನನ್ನು ತಪ್ಪು ತಿಳಿಯುವಂತಿರಲಿಲ್ಲ, ಬಹಳ ಸುಖವಾಗಿತ್ತು.

ಅಕ್ಕ ಬಾಗಿಲು ತೆಗೆದಳು. ಬಾ ಅನ್ನಲಿಲ್ಲ, ಒಳಗೆ ಹೋಗಿ ನೀರು ತಂದಿಟ್ಟಳು. ನಾನು ಕುಳಿತು ಪೆಟ್ಟಿಗೆಯ ಪುರಾಣವನ್ನು ಮೊದಲಿಂದ ಹೇಳಿದೆ. ಒಂದು ಹೂಂ ಕೂಡ ಕೊಡದೆ ಕೇಳಿದಳು. ಹೂಂ ಇಲ್ಲದೆ ಮಾತಾಡುವುದು ಹಿಡಿಯಲು ಕಂಬಿಯಿಲ್ಲದ ಮೆಟ್ಟಿಲು ಇಳಿದಂತೆ. ಎರಡು ಸಲ ಜಾರಿದೆ.

“ಖರೇ ಹೇಳು,” ಎಂದಳು ಕೊನೆಗೆ. “ಎರಡೂ ಸೆಕೆಂಡು ಫೋನಿಂದ ಏನು?”

ಈಗ ನಡುವೆ ಪೆಟ್ಟಿಗೆಯಿರಲಿಲ್ಲ, ಸಮುದ್ರವಿರಲಿಲ್ಲ. ಆದರೂ ನಾನು ತಡಮಾಡಿದೆ. ಮಗನ ಮದುವೆಯಲ್ಲಿ ಈ ಅಕ್ಕ ಪಂಕ್ತಿಯ ನಡುವೆ ಎದ್ದು, ಸಾರಿಗೆ ಉಪ್ಪಿಲ್ಲವೆಂದು ಬೀಗರೆದುರು ಘೋಷಿಸಿ, ಅಡುಗೆಯವನನ್ನು ಕರೆಸಿ ಪಾಠ ಮಾಡಿದ್ದಳು. “ನಾ ಬರ್ಲೇನು” ಎಂದು ಅವಳು ಕೇಳಿದಾಗ ಆ ಸಾರು ನನ್ನ ಕಣ್ಣ ಮುಂದೆ ಹಾದುಹೋದದ್ದು ಸುಳ್ಳಲ್ಲ.

“ಒಂದೂವರಿ ಫೋನಿಂದು,” ಎಂದೆ. “ಅರ್ಧಾ ನಂದು.”

ಅಕ್ಕ ನನ್ನನ್ನು ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು, ಭುಜ ಕುಣಿಯುವಂತೆ ನಕ್ಕಳು. “ಗೊತ್ತಿತ್ತು ನನಗ. ಸಾರಿಂದು ಹೌದಲ್ಲೋ? ಉಪ್ಪ ಇರಲಿಲ್ಲ ಅದಕ.”

“ಇರಲಿಲ್ಲ,” ಎಂದು ಒಪ್ಪಿಕೊಂಡೆ. ಎದ್ದು ಕುಂಕುಮದ ಭರಣಿ ಮುಂದೆ ಹಿಡಿದೆ. “ಅಕ್ಕಾ, ತೊಟ್ಲಕ್ಕ ಬರಬೇಕು.”

ಅವಳು ಕತ್ತೆತ್ತಿ ಗೋಡೆಯ ಗಡಿಯಾರ ನೋಡಿದಳು. ಸೆಕೆಂಡಿನ ಮುಳ್ಳು ಒಂದು ಹೆಜ್ಜೆ ಇಟ್ಟಿತು. ಇನ್ನೊಂದು ಇಟ್ಟಿತು. ಅಷ್ಟು ಉದ್ದದ ಎರಡು ಸೆಕೆಂಡನ್ನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

“ಬರ್ತೀನಿ,” ಎಂದಳು. ಹಣೆಗೆ ಕುಂಕುಮ ಹಚ್ಚಿಕೊಂಡು ಮೂಲೆಗೆ ಕೈ ತೋರಿಸಿದಳು. ಅಲ್ಲಿ ಅವಳ ಚೀಲ ಕಟ್ಟಿ ತಯಾರಾಗಿ ಕುಳಿತಿತ್ತು.

ರವಿವಾರ ಸಡಾದ ಮನೆಯಲ್ಲಿ ಅವಳು ಪಾಯಸದಿಂದ ಪರದೆಯವರೆಗೆ ಎಲ್ಲದಕ್ಕೂ ಅಂಕ ಕೊಟ್ಟು, ತೊಟ್ಟಿಲಿಗೆ ಬಾಗಿ, ಮಗುವಿನ ಕಿವಿಯಲ್ಲಿ ಕುರ್ರ್ ಎಂದಳು. ಹೆಸರು ಚೆನ್ನಾಗಿತ್ತು. ಅದು ಅವಳ ಬಾಯಿಂದ ಹೊರಬೀಳುವುದಕ್ಕೂ ಅವಳ ಬೆನ್ನ ಮೇಲೆ ನನ್ನ ಹೆಂಡತಿಯ ಗುದ್ದು ಬೀಳುವುದಕ್ಕೂ ನಡುವೆ ಅರ್ಧ ಸೆಕೆಂಡೂ ತಡವಾಗಲಿಲ್ಲ.