ಸರೋಜಕ್ಕ ಒರೆಸಿದ ಸದ್ದು

ಅರಸೀಕೆರೆ ಸುತ್ತಿನ ಮದುವೆ ವಿಡಿಯೋದವರು ಪೊಲೀಸರಿಗೆ ಹೆದರುತ್ತಿದ್ದರೋ ಇಲ್ಲವೋ, ಸರೋಜಕ್ಕನ ‘ಥೂ’ಗಂತೂ ಹೆದರುತ್ತಿದ್ದರು. ಎಂಜಲು ಬೀಳದ ಒಣ ಥೂ ಅದು. ಕುರ್ಚಿಯ ಮೇಲೆ ಒಂದು ಕಾಲು ಮಡಿಚಿಕೊಂಡು, ಬಲಗೈ ಮೌಸಿನ ಮೇಲಿಟ್ಟು, ಎಡಗೈಯಲ್ಲಿ ಕೊಬ್ಬರಿ ಚೂರು ಹಿಡಿದು, ಅವರು ಮಾನಿಟರ್ ನೋಡುತ್ತ ಕೂರುತ್ತಿದ್ದರು. ವಿಡಿಯೋದವನು ಹಿಂದೆ ಕೈಕಟ್ಟಿ ನಿಂತಿರುತ್ತಿದ್ದ. ಆಮೇಲೆ ಶುರು: “ಹಾರ ಹಾಕೋ ಹೊತ್ತಿಗೆ ಸರಿಯಾಗಿ ಕ್ಯಾಮರಾದಲ್ಲಿ ಮೊಸರನ್ನದ ಬಕೇಟು ಹಿಡ್ಕಂಡು ಬಂದಿದ್ದೀಯಲ್ಲೋ! ಅಷ್ಟು ಹಸಿವಾಗಿದ್ರೆ ಉಂಡು ಬಂದು ಹಿಡೀಬಾರ್ದಾಗಿತ್ತೇನ್ಲಾ? ಥೂ!”

ಮದುವೆಯಲ್ಲಿ ತೆಗೆದ ವಿಡಿಯೋವನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಅಲ್ಲಲ್ಲಿ ಗುಲಾಬಿ ಪಕಳೆ ಉದುರಿಸುವ ಕೆಲಸಕ್ಕೆ ನಮ್ಮ ಕಡೆ ಮಿಕ್ಸಿಂಗ್ ಅನ್ನುತ್ತಾರೆ. ಕೊಬ್ಬರಿ ಮಂಡಿಯೊಂದರ ಮೇಲಿನ ಕೋಣೆಯಲ್ಲಿ ಇಪ್ಪತ್ತೈದು ವರ್ಷ ಆ ಕೆಲಸ ಮಾಡಿದವರು ಸರೋಜಕ್ಕ. ಬೇಲೂರು, ಹಳೇಬೀಡು, ಗಂಡಸಿ, ಎಲ್ಲಿ ತಾಳಿ ಕಟ್ಟಿದರೂ ಅದು ಕೊನೆಗೆ ಇವರ ಮೇಜಿಗೇ ಬರುತ್ತಿತ್ತು. ಸಾವಿರಾರು ಮದುವೆ ನೋಡಿದ ಈ ಹೆಂಗಸು ಒಂದು ಮದುವೆಗೂ ಹೋಗುತ್ತಿರಲಿಲ್ಲ. ಕರೆದವರಿಗೆ, “ಹೆಂಗಿದ್ರೂ ಇಲ್ಲಿಗೇ ಬತ್ತದಲ್ಲ, ನೋಡ್ತೀನಿ ಬಿಡಿ” ಎಂದು ಹೇಳಿ ಕಳಿಸುತ್ತಿದ್ದರು.

ಅಂಥವರ ಕೈಗೆ ನಾನು ಸಿಕ್ಕಿಬಿದ್ದೆ. ಹಾಸನದ ಕಾಲೇಜೊಂದರಲ್ಲಿ ನಾನು ಮಾಧ್ಯಮದ ವಿದ್ಯಾರ್ಥಿನಿ. ಆ ಕಾಲೇಜಿನ ಘನತೆ ಕೇಳಿ: ಇದ್ದ ಕ್ಯಾಮರಾ ಎರಡು, ಎರಡೂ ಬೀರುವಿನಲ್ಲಿ, ಬೀರುವಿನ ಕೀಲಿ ಮೇಷ್ಟ್ರ ಹತ್ತಿರ, ಮೇಷ್ಟ್ರು ಸದಾ ಮೀಟಿಂಗಿನಲ್ಲಿ. ಮೂರು ವರ್ಷದಲ್ಲಿ ಕಲಿತದ್ದೆಂದರೆ ಶಾಟುಗಳ ಹೆಸರು. ಕೊನೆಯ ವರ್ಷ ಎರಡು ತಿಂಗಳು ಎಲ್ಲಾದರೂ ಕೆಲಸ ಕಲಿತು ಸರ್ಟಿಫಿಕೇಟು ತರಬೇಕಿತ್ತು. ಬೆಂಗಳೂರಿನ ಸ್ಟುಡಿಯೋಗಳು ನನ್ನ ಮೇಲ್‌ಗೆ ಉತ್ತರವನ್ನೂ ಕೊಡಲಿಲ್ಲ. ಅಪ್ಪ ಮಂಡಿಯವರಿಗೆ ಪರಿಚಯ. ಸರೋಜಕ್ಕನ ಹತ್ತಿರ ಸೇರಿಸಿದರು. ಮದುವೆ ವಿಡಿಯೋ ಅಂದರೆ ವಾಕರಿಕೆ ಬರುತ್ತಿದ್ದ ನಾನು ಮೂಗು ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ. ಹತ್ತಿದ ಮೊದಲ ದಿನವೇ ನನಗೆ ‘ಡೈರೆಕ್ಟ್ರು’ ಎಂದು ಹೆಸರಿಟ್ಟಾಯಿತು.

ನಾನೇನು ಕಡಿಮೆಯೇ? ಹಳೇಬೀಡಿನಲ್ಲಿ ತೆಗೆದ ನನ್ನ ಕಿರುಚಿತ್ರವನ್ನು ಎರಡನೇ ದಿನವೇ ಲ್ಯಾಪ್‌ಟಾಪಿನಲ್ಲಿ ಅವರ ಮುಂದಿಟ್ಟೆ. ಬೆಳಗಿನ ಮಂಜು, ಕೆರೆ, ಗಾಳಿಗೆ ಹಾರುವ ಗೆಳತಿಯ ಕೂದಲು, ಹಿನ್ನೆಲೆಯಲ್ಲಿ ಒಂದು ಇಂಗ್ಲಿಷ್ ಹಾಡು. ಸರೋಜಕ್ಕ ಕೊಬ್ಬರಿ ಅಗಿಯುತ್ತ ನೋಡಿದರು.

“ಮಂಜು ಬಂತು. ಮೋಡ ಬಂತು. ಕೂದ್ಲು ಬಂತು. ಮನ್ಸರು ಯಾವಾಗ ಬತ್ತಾರೆ ಡೈರೆಕ್ಟ್ರೇ?”

“ಅದು ಮೂಡ್ ಅಕ್ಕ. ಒಂಟಿತನ.”

“ಒಂಟಿತನ ಯಾರಿಗೆ? ಆ ಹುಡ್ಗಿಗಾ? ಅವ್ಳು ಹೊತ್ತುಹೊತ್ತಿಗೂ ನಿನ್ನ ಕಡೆ ನೋಡಿ ನಗ್ತಾವ್ಳೆ. ಇದ್ರಲ್ಲಿ ಯಾರಿಗೆ ಏನಾಗ್ಬೇಕು ಹೇಳು. ಮದ್ವೇಲಾದ್ರೆ ತಾಳಿ ಬೀಳ್ಬೇಕು. ನಿಂದ್ರಲ್ಲಿ ಏನ್ ಬೀಳ್ಬೇಕು?”

ನನಗೆ ಉರಿದುಹೋಯಿತು. ಹೋಗಿ ಹೋಗಿ ಗುಲಾಬಿ ಪಕಳೆ ಉದುರಿಸುವವರಿಂದ ಸಿನಿಮಾ ಪಾಠ! ಆದರೆ ಮನೆಗೆ ಹೋಗಿ ಮತ್ತೆ ನೋಡಿದರೆ, ಗೆಳತಿ ನಿಜವಾಗಿಯೂ ಹಲ್ಲು ಕಿರಿಯುತ್ತಿದ್ದಳು. ಎಡಿಟ್ ಮಾಡುತ್ತ ಮೂರು ತಿಂಗಳು ನೋಡಿದ್ದ ನನಗೆ ಅದು ಕಂಡಿರಲಿಲ್ಲ. ಇಂಟರ್ನೆಟ್ಟಿಗೆ ಹಾಕಿದಾಗಲಂತೂ ಆ ಹಾಡು ಯಾವುದೋ ಕಂಪನಿಯ ಸ್ವತ್ತೆಂದು ಇಡೀ ಚಿತ್ರದ ಸದ್ದೇ ಮಾಯವಾಯಿತು. ಮೂಕಿಚಿತ್ರ ತೆಗೆದ ಕೀರ್ತಿ ನನಗೆ ಹಾಗೆ ಬಂತು.

ಹಾಡುಗಳ ವಿಷಯಕ್ಕೆ ಬಂದರೆ ಸರೋಜಕ್ಕನ ನಾಲಿಗೆ ಇನ್ನೂ ಖಾರ. ಕ್ಯಾಸೆಟ್ಟಿನಿಂದ ಸೀಡಿಗೆ, ಸೀಡಿಯಿಂದ ಪೆನ್‌ಡ್ರೈವಿಗೆ, ಅಲ್ಲಿಂದ ಫೋನಿಗೆ ಹಾಡು ಸಣ್ಣದಾಗುತ್ತ ಬಂದದ್ದನ್ನು ಅವರು ಕುಳಿತಲ್ಲೇ ಕಂಡಿದ್ದರು. “ಹಿಂದೆ ಒಂದು ಹಾಡು ಹಾಕಿದ್ರೆ ಧಾರೆಯಿಂದ ಊಟದ ಹಾಲ್‌ವರ್ಗೂ ಬರೋದು ಕಣೇ. ಪಲ್ಲವಿ, ಚರಣ, ಮಧ್ಯ ಪಿಟೀಲು, ಎಲ್ಲಾ ಇರೋದು. ಈಗಿನ ಹಾಡು ಹಾರದ ಗಂಟು ಬಿಚ್ಚೋದ್ರೊಳಗೆ ಮುಗ್ದೋಯ್ತದೆ. ಹಾಡ್ದೋನಿಗೂ ಬಸ್ಸಿಗೆ ಹೊತ್ತಾಗಿತ್ತೇನೋ.” ಮದುಮಗಳು ಫೋನಿನಲ್ಲಿ ‘ಅಕ್ಕಾ, ಇದೇ ಟ್ರೆಂಡಿಂಗು’ ಎಂದು ಲಿಂಕ್ ಕಳಿಸಿದರೆ, ಹಾಕಿ ಕೊಡುತ್ತಿದ್ದರು, ಹಾಕುವಷ್ಟು ಹೊತ್ತೂ ಬೈಯುತ್ತಿದ್ದರು.

ಆದರೆ ಕೈಚಳಕ? ಅದನ್ನು ಒಪ್ಪಲೇಬೇಕು. ತಾಳಿಯ ಮೂರನೇ ಗಂಟಿಗೆ ಸರಿಯಾಗಿ ಹಾಡಿನ ತಬಲಾ ಏಳುವಂತೆ ಕೂರಿಸುತ್ತಿದ್ದರು. ಬೇಲೂರಿನ ಅತ್ತೆಯೊಬ್ಬರ ಮುನಿಸನ್ನು ಮೂರು ಕಡೆ ಕತ್ತರಿಸಿ, ಸೊಸೆಯನ್ನು ಹರಸುತ್ತಿರುವಂತೆ ಮಾಡಿದ್ದನ್ನು ನಾನೇ ಕಣ್ಣಾರೆ ಕಂಡೆ. ಇಷ್ಟಕ್ಕೂ ಮೊದಲು ಅವರು ಮಾಡುತ್ತಿದ್ದ ಕೆಲಸ ಒಂದೇ, ಕ್ಯಾಮರಾದ ಜೊತೆ ಬಂದ ಮೂಲ ಸದ್ದನ್ನು ಪೂರಾ ಒರೆಸಿಹಾಕುವುದು. ಕೀಬೋರ್ಡಿನಲ್ಲಿ ಆ ಗುಂಡಿಯ ಅಕ್ಷರ ಸವೆದು ಬೋಳಾಗಿತ್ತು.

“ಮಂಟಪದ ಸೌಂಡು ಯಾರಿಗೆ ಬೇಕು? ಮೈಕ್‌ನೋನ ಕಿರುಚಾಟ, ಮಕ್ಳ ಅಳು, ವಾಲಗದ ಪೀಪಿ. ಎಲ್ಲಾ ಕಸ. ಮೊದ್ಲು ಕಸ ಗುಡ್ಸು, ಆಮೇಲೆ ರಂಗೋಲಿ ಬಿಡು.”

ಅವರ ಮಾತುಗಳಲ್ಲಿ ನಾನು ತಕರಾರಿಲ್ಲದೆ ಒಪ್ಪಿದ್ದು ಇದೊಂದನ್ನೇ.

ಒಂದು ಗುರುವಾರ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ವಾಲಗದ ಗೋವಿಂದಣ್ಣ ಬಂದರು. ಹಳೇಬೀಡಿನ ಕಡೆಯವರು, ಎಪ್ಪತ್ತು ದಾಟಿದವರು. ಈ ಸೀಮೆಯಲ್ಲಿ ನಲವತ್ತು ವರ್ಷ ಮದುವೆಗಳಿಗೆ ನಾಗಸ್ವರ ಊದಿದವರು.

“ಸರೋಜವ್ವಾ, ಕಲಾವಿದ್ರಿಗೆ ಸರ್ಕಾರದೋರು ತಿಂಗ್ಳಾ ತಿಂಗ್ಳಾ ಮಾಸಾಶನ ಕೊಡ್ತಾರಲ್ಲ, ಅರ್ಜಿ ಹಾಕಿವ್ನಿ. ನೀನು ಊದಿರೋದಕ್ಕೆ ಸಾಕ್ಷಿ ಏನೈತೆ, ವಿಡಿಯೋ ತತ್ತಾ ಅಂದವ್ರೆ. ಸೋಮವಾರ ಕೊನೇ ದಿನ. ನಿನ್ನತ್ರ ಇರ್ತದಲ್ಲವ್ವಾ, ಒಂದು ಕೊಡು.”

“ಅದಕ್ಕೇನು ತಾತ, ಈಗಲೇ ಊದಿ, ಫೋನಲ್ಲೇ ತೆಗೆದುಕೊಡ್ತೀನಿ” ಎಂದೆ ನಾನು, ಮಹಾ ಬುದ್ಧಿವಂತೆಯಂತೆ. ಗೋವಿಂದಣ್ಣ ಬಾಯಿ ತೆರೆದು ತೋರಿಸಿದರು. ಮುಂದಿನ ಹಲ್ಲು ಒಂದೂ ಇರಲಿಲ್ಲ.

“ಗಾಳಿ ನಿಲ್ಲಾಕಿಲ್ಲ ಕಣವ್ವ. ಊದೋದು ಬಿಟ್ಟು ಮೂರೊರ್ಷ ಆಯ್ತು.”

ಹಾರ್ಡ್‌ಡಿಸ್ಕ್ ಹಾಕಿದೆವು. ಮೊದಲ ಮದುವೆಯಲ್ಲೇ ಗೋವಿಂದಣ್ಣ ಸಿಕ್ಕರು. ಕೆನ್ನೆ ಉಬ್ಬಿದೆ, ಕತ್ತಿನ ನರ ಬಿಗಿದಿದೆ, ಬೆರಳು ಓಡುತ್ತಿದೆ. ನಾಗಸ್ವರದಿಂದ ಬರುತ್ತಿರುವುದು ಮಾತ್ರ ಒಬ್ಬ ಗಾಯಕಿಯ ದನಿ, ಸಮುದ್ರದ ದಂಡೆಯ ಪ್ರೇಮದ ಬಗ್ಗೆ. ಎರಡನೆಯದರಲ್ಲಿ ಡಿಜೆ. ಮೂರನೆಯದರಲ್ಲಿ ಗಂಡು ಹೆಣ್ಣು ಸೇರಿ ಹಾಡುವ ಡ್ಯುಯೆಟ್ಟು. ಗೋವಿಂದಣ್ಣ ಕಿವಿಗೆ ಕೈ ಅಡ್ಡ ಹಿಡಿದು ಮಾನಿಟರಿಗೆ ಬಾಗಿದರು.

“ನಾನೇ ಅಲ್ವಾ ಅದು? ಊದ್ತಾ ಇವ್ನಲ್ಲ. ಊದಿದ್ದು ಎಲ್ಲೋಯ್ತು?”

ಸರೋಜಕ್ಕ ವಿಡಿಯೋ ನಿಲ್ಲಿಸಿದರು. “ಹುಡುಕಿ ಇಟ್ಟಿರ್ತೀನಿ, ಸೋಮವಾರ ಬೆಳಿಗ್ಗೆ ಬನ್ನಿ” ಎಂದು ಕಳಿಸಿದರು. ಎರಡು ದಿನ ಹುಡುಕಿದೆವು. ಗೋವಿಂದಣ್ಣ ನಲವತ್ತಕ್ಕೂ ಹೆಚ್ಚು ಮದುವೆಗಳಲ್ಲಿ ಕಂಡರು, ಒಂದರಲ್ಲೂ ಕೇಳಿಸಲಿಲ್ಲ. ವಿಡಿಯೋದವರಿಗೆಲ್ಲ ಫೋನು ಮಾಡಿದೆವು. ಮೂಲ ರೆಕಾರ್ಡಿಂಗು ಇಟ್ಟುಕೊಂಡ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಆ ಎರಡು ದಿನ ಸರೋಜಕ್ಕನ ಬಾಯಿಂದ ಒಂದೂ ಥೂ ಬರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಶನಿವಾರ ಸಂಜೆ ನನ್ನ ಓದಿನ ಫಲ ಹೊರಬಂತು. “ಅಕ್ಕ, ಇಂಟರ್ನೆಟ್ಟಿಂದ ಯಾವುದಾದರೂ ನಾಗಸ್ವರ ತೆಗೆದು ಇವರ ಚಿತ್ರಕ್ಕೆ ಕೂರಿಸಿಬಿಡೋಣ. ಆಫೀಸಿನವರಿಗೆ ಏನು ಗೊತ್ತಾಗುತ್ತೆ?”

ಅವರು ನನ್ನ ಮುಖವನ್ನೇ ನೋಡಿದರು. “ಅಷ್ಟು ವರ್ಷ ಊದಿರೋನ ಬಾಯಿಗೆ ಇನ್ಯಾರ್ದೋ ಉಸ್ರು ತುರುಕ್ತೀಯೇನೇ? ಆ ಕೆಲ್ಸ ನಾನು ಆಗ್ಲೇ ಮಾಡಿ ಮುಗ್ಸಿದೀನಿ.”

ಮಾನಿಟರ್ ಆರಿಸಿದರು. ಕಪ್ಪಗಾದ ಗಾಜಿನಲ್ಲಿ ಅವರ ಮುಖ ಕಾಣುತ್ತಿತ್ತು. ಅದಕ್ಕೆ “ಥೂ” ಎಂದು ಎದ್ದು ಹೋದರು.

ಭಾನುವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಟ್ಟದ ಮೇಲಿದ್ದ ಹಳೆಯ ವಿಸಿಆರ್ ಕೆಳಗಿಳಿದಿತ್ತು. ಸರೋಜಕ್ಕ ಅದರೊಳಗಿನ, ಟೇಪು ಓದುವ ಹೆಡ್ಡನ್ನು ಸ್ಪಿರಿಟ್ ಹಚ್ಚಿ ಒರೆಸುತ್ತಿದ್ದರು. ಪಕ್ಕದಲ್ಲಿ ಚೀಟಿಯಿಲ್ಲದ ಒಂದು ವಿಡಿಯೋ ಕ್ಯಾಸೆಟ್ಟು, ಅಂಚಿನಲ್ಲಿ ಬಿಳಿ ಬೂಷ್ಟು.

“ಯಾರ ಮದುವೆ ಅಕ್ಕ?”

“ನಂದು.”

ನಾನು ಬಾಯಿ ಬಿಡುವ ಮೊದಲೇ ಅವರೇ ಹೇಳಿ ಮುಗಿಸಿದರು. “ಬೇಲೂರಿನ ಛತ್ರದಲ್ಲಿ ಆಗಿದ್ದು. ಮೂರು ತಿಂಗ್ಳು ಬಾಳಾಟ, ವಾಪಸ್ ಬಂದೆ. ಈ ಕ್ಯಾಸೆಟ್ ಇಸ್ಕೊಳ್ಳಾಕೆ ಸ್ಟುಡಿಯೋಗೆ ಹೋದ್ರೆ, ಓನರ್ರು, ಇನ್ನೂ ಮಿಕ್ಸಿಂಗ್ ಆಗಿಲ್ಲಮ್ಮ, ಯಾವ ಹಾಡು ಹಾಕ್ಲಿ ಅಂದ್ರು. ಯಾವ್ದೂ ಬ್ಯಾಡ, ನಂಗೊಂದು ಕೆಲ್ಸ ಕೊಡಿ ಅಂದೆ. ಅಷ್ಟೇ ಕಣೇ ಕಥೆ. ಕಣ್ಣಲ್ಲಿ ನೀರ್ ಹಾಕ್ಬೇಡ, ಮಿಷನ್ ಹಾಳಾಯ್ತದೆ.”

ಮಿಕ್ಸಿಂಗ್ ಆಗದ್ದರಿಂದ ಅದರ ಸದ್ದು ಉಳಿದಿತ್ತು. ಈ ಸೀಮೆಗೆಲ್ಲ ಅದೊಂದೇ.

ಟೇಪು ಓಡುತ್ತಿದ್ದಂತೆ ಕಂಪ್ಯೂಟರಿಗೆ ಇಳಿಸಿಕೊಳ್ಳುವಂತೆ ನಾನು ತಂತಿ ಸಿಕ್ಕಿಸಿದೆ. ಅವರು ವಿಸಿಆರಿಗೆ ಜೋಡಿಸಿದ್ದ ಟಿವಿಯ ಸದ್ದನ್ನು ಪೂರಾ ತಗ್ಗಿಸಿ, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಬೆನ್ನು ಹಾಕಿ ಕುಳಿತರು. “ಒಂದ್ಕಡೆ ಕ್ಯಾಮರಾ ವಾಲಗದೋರ ಕಡೆ ತಿರುಗ್ತದೆ, ಆಗ ಹೇಳು. ಅದಕ್ಕೆ ಮುಂಚಿಂದು ಆಫೀಸಿನೋರಿಗೆ ಬ್ಯಾಡ. ನಿಂಗೂ ಬ್ಯಾಡ.”

“ತಿರುಗಿತು ಅಕ್ಕ” ಎಂದಾಗ ತಿರುಗಿ ನೋಡದೆಯೇ ರಿಮೋಟು ಒತ್ತಿ ಸದ್ದು ಏರಿಸಿದರು. ವಾಲಗ ಕೋಣೆ ತುಂಬಿತು. ಅಯ್ಯೋ, ಎಂಥ ಉಸಿರು! ಇಳಿಯುವ ಮುನ್ನ ಒಂದು ಕ್ಷಣ ಅಲ್ಲೇ ನಿಂತು, ಬೀಳುತ್ತದೆ ಅಂದುಕೊಂಡಾಗ ಮತ್ತೆ ಹತ್ತುತ್ತಿತ್ತು. ಇದನ್ನೇ ನಾವು ಕಸ ಅಂದು ಗುಡಿಸಿದ್ದು. ಮಂಡಿಯ ಕಾವಲಿನವನು ಮೇಲೆ ಯಾರ ಮದುವೆ ಎಂದು ಇಣುಕಿ ಹೋದ. ಹಿಂದೆ ಒಂದು ಮಗು ಅಳುತ್ತಿತ್ತು. “ಸ್ವಲ್ಪ ಕ್ಲೀನ್ ಮಾಡ್ಲಾ ಅಕ್ಕ?” ಎಂದೆ, ಅಭ್ಯಾಸಬಲ.

“ಸೌಂಡ್ ಮುಟ್ಬೇಡ. ಅಳ್ಲಿ.”

ಸೋಮವಾರ ಬೆಳಿಗ್ಗೆ ಗೋವಿಂದಣ್ಣ ಬಂದು ಅದನ್ನು ಕೇಳಿಸಿಕೊಂಡರು. ತೊಡೆಯ ಮೇಲೆ ಬೆರಳುಗಳು ತಾವಾಗಿ ಓಡುತ್ತಿದ್ದವು. ಮುಗಿದ ಮೇಲೆ, “ಒಂದ್ಕಡೆ ಒಂಚೂರು ಅಪಸ್ವರ ಆಗೈತೆ, ಪರ್ವಾಗಿಲ್ವಾ?” ಅಂದರು. ಸರೋಜಕ್ಕ “ನಡೀರಿ, ಬಸ್ ಹೋಯ್ತದೆ” ಎಂದು ಗದರಿದರು. ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಗೋವಿಂದಣ್ಣ ಹಾಸನದ ಆಫೀಸಿಗೆ ಹೋದರು. ಕೆಲವು ತಿಂಗಳ ಮೇಲೆ ಮಾಸಾಶನ ಮಂಜೂರಾಯಿತು.

ಆಮೇಲೆ ಬಂದ ಗಿರಾಕಿಗಳಿಗೆಲ್ಲ ಸರೋಜಕ್ಕ, “ವಾಲಗದ ಸೌಂಡು ಒರ್ಸಲ್ಲ, ಒಪ್ಪಿದ್ರೆ ಇರಿ” ಅನ್ನತೊಡಗಿದರು. ಯಾರೂ ನಿಲ್ಲಲಿಲ್ಲ. ಫೋನಿನಲ್ಲೇ ಅರ್ಧ ಗಂಟೆಯಲ್ಲಿ ಮಾಡಿಕೊಡುವವರು ಬೀದಿಗಿಬ್ಬರು ಇದ್ದರಲ್ಲ, ಅವರಲ್ಲಿಗೆ ಹೋದರು. ವರ್ಷ ತುಂಬುವ ಮೊದಲೇ ಕೋಣೆ ಖಾಲಿ ಮಾಡಿ, ಅರೇಹಳ್ಳಿಯ ತಂಗಿಯ ಮನೆಗೆ ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ನಾನು ಚೀಲ ಎತ್ತಿಕೊಟ್ಟೆ. “ಯಾವತ್ತಾದ್ರೂ ಸಿನ್ಮಾ ತೆಗುದ್ರೆ ತೋರ್ಸು ಡೈರೆಕ್ಟ್ರೇ. ಮೊದ್ಲು ಮೋಡ ಬಂದ್ರೆ ಎದ್ದೋಯ್ತೀನಿ” ಎಂದರು. ಬಸ್ಸು ಹೊರಟಾಗ ನಾನು ಕೈ ಬೀಸಿದೆ. ಅವರು ಕಿಟಕಿಯಿಂದ ಡ್ರೈವರನನ್ನು ಬೈಯುತ್ತಿದ್ದರು. ಅದೇ ಕೊನೆಯ ಭೇಟಿ.

ನಿಂಗೂ ಬ್ಯಾಡ ಅಂದದ್ದನ್ನು ನಾನು ಮೊನ್ನೆ, ಅಂದು ನನ್ನ ಲ್ಯಾಪ್‌ಟಾಪಿಗೆ ಉಳಿಸಿಕೊಂಡಿದ್ದ ಪ್ರತಿಯಲ್ಲಿ ಕೇಳಿದೆ. ಅವರು ತಗ್ಗಿಸಿದ್ದು ಟಿವಿಯ ಸದ್ದನ್ನು. ಕಂಪ್ಯೂಟರಿಗೆ ಎಲ್ಲವೂ ಇಳಿದಿತ್ತು, ಅದು ಅವರಿಗೆ ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ. ತಾಳಿ ಕಟ್ಟಿ ಆಗಿದೆ. ಜನ ಧಾರೆ ಎರೆಯಲು ಸಾಲು ನಿಂತಿದ್ದಾರೆ. ಕ್ಯಾಮರಾದವನು ಮದುಮಗಳ ಮುಖವನ್ನೇ ಹಿಡಿದು ನಿಂತಿದ್ದಾನೆ. ದೂರದಲ್ಲಿ ವಾಲಗ. ಇಪ್ಪತ್ಮೂರು ವರ್ಷದ ಸರೋಜಕ್ಕ ತಲೆ ಎತ್ತುತ್ತಾರೆ, ಬಾಸಿಂಗದ ಕೆಳಗೆ ಅದೇ ಹುಬ್ಬುಗಂಟು.

“ಏನ್ರೀ, ನನ್ ಮುಖಾನೇ ಎಷ್ಟೊತ್ತು ಹಿಡೀತೀರಾ? ಅಲ್ಲಿ ಗೋವಿಂದಣ್ಣ ಎಷ್ಟು ಚೆನ್ನಾಗಿ ಊದ್ತಾವ್ರೆ, ಅವ್ರನ್ನ ಹಿಡೀಬಾರ್ದಾ? ಥೂ!”

ಕ್ಯಾಮರಾ ಗಾಬರಿಯಿಂದ ಆ ಕಡೆ ತಿರುಗಿತು.