ಮೇಸ್ತ್ರಿಗಳ ಕೂ

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳಿನಷ್ಟು ಕೆಳಗಿದೆ. ಹರೆಯದಲ್ಲಿ ಕಾಫಿ ಮೂಟೆ ಹೊತ್ತು ಹಾಗಾದದ್ದು. ಬೆನ್ನಿಗೆ ಬ್ಯಾಗ್ ಏರಿಸುವ ಮುಂಚೆ ಆ ಕಡೆಯ ಪಟ್ಟಿಯ ಅಡಿಗೆ ಮಡಚಿದ ಗೋಣಿತಟ್ಟು ಇಟ್ಟುಕೊಳ್ಳುತ್ತಿದ್ದರು. ಕಳಸದ ಹತ್ತಿರದ ಎಸ್ಟೇಟೊಂದರಲ್ಲಿ ಮೂವತ್ತು ವರ್ಷ ಆಳುಗಳ ಮೇಸ್ತ್ರಿಯಾಗಿದ್ದು, ಆಮೇಲೆ ಗುಡ್ಡ ಹತ್ತುವವರಿಗೆ ದಾರಿ ತೋರಿಸತೊಡಗಿದರು. ನಮಗೆ ಈಗಲೂ ಅವರು ಮೇಸ್ತ್ರಿಗಳೇ.

ನಾನು ಮತ್ತು ನನ್ನ ಜೊತೆ ಕಾಲೇಜಿನಲ್ಲಿ ಪಾಠ ಮಾಡುವ ಇಬ್ಬರು ಮೇಡಂಗಳು ಮೊದಲ ಸಲ ಮೂರು ದಿನದ ನಡಿಗೆಗೆ ಹೋದಾಗ, ಅವರು ನಮ್ಮ ಬ್ಯಾಗುಗಳನ್ನೆಲ್ಲ ತಮ್ಮ ಮನೆಯ ಕಣದಲ್ಲಿ ಸುರಿಸಿದರು. ನನ್ನದರಿಂದ ಮೂರು ಟವೆಲ್, ಇಸ್ತ್ರಿ ಮಾಡಿದ ಎರಡು ಶರ್ಟು, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಹೊರಬಿದ್ದವು.

“ಸಾರ್, ಹೊರಟಿದ್ದು ಗುಡ್ಡಕ್ಕೋ, ಹೆಣ್ಣು ನೋಡೋಕೋ?”

ಶರ್ಟುಗಳು ಅಲ್ಲೇ ಉಳಿದವು. ಬಾಟಲಿಯನ್ನು ಮಾತ್ರ ಅವರೇ ಬಟ್ಟೆ ಸುತ್ತಿ ಒಳಗಿಟ್ಟರು. “ಇದು ಇರ್ಲಿ ಮಾರಾಯ್ರೆ. ತಿಂದಷ್ಟೂ ಹಗುರಾಗುತ್ತೆ.”

ಮಂಜು ಕವಿದ ತೋಟದಲ್ಲಿ ಹಣ್ಣು ಕೊಯ್ಯುವವರನ್ನು ಅವರು ಕೂ ಹಾಕಿಯೇ ಎಣಿಸುತ್ತಿದ್ದರಂತೆ. ಗುಡ್ಡದಲ್ಲೂ ಅದೇ ಕ್ರಮ. ಪ್ರತಿ ತಿರುವಿನಲ್ಲಿ ಅವರದೊಂದು ಕೂ. ನಾವು ಮೂವರೂ ಒಬ್ಬೊಬ್ಬರಾಗಿ ಓಗೊಡಬೇಕು. ಕಡೆಗೆ ಮತ್ತೆ ಅವರದೇ. “ನನ್ನನ್ನೂ ಎಣಿಸ್ಬೇಕಲ್ಲ!” ನಾಲ್ಕೂ ಕೇಳಿಸದೆ ಹೆಜ್ಜೆ ಕೀಳುತ್ತಿರಲಿಲ್ಲ.

ನನಗೆ ನಾಚಿಕೆ. ಮೇಡಂಗಳು ಹಕ್ಕಿಗಳ ಹಾಗೆ ಕೂಗುತ್ತಿದ್ದರೆ ನನ್ನದು ಬಾಯೊಳಗೇ ಉಳಿಯುತ್ತಿತ್ತು.

“ಅದು ಕೂ ಅಲ್ಲ ಸಾರ್. ಭಾಷಣಕ್ಕೆ ಮುಂಚೆ ಗಂಟಲು ಸರಿ ಮಾಡ್ಕೊಂಡಂಗಾಯ್ತು,” ಎಂದು ನಗುತ್ತಿದ್ದರು. ಒಂದು ಮಾತನ್ನು ಮಾತ್ರ ನಗದೆ ಹೇಳಿದ್ದರು: “ಮಂಜು ಬಂತೋ, ಇದ್ದಲ್ಲೇ ಕೂತ್ಬಿಡಿ. ಕೂ ಹಾಕಿ. ನೀವು ಹುಡುಕ್ಕೊಂಡು ಬರ್ಬೇಡಿ, ನಾನು ಬರ್ತೀನಿ.”

ಎರಡನೆಯ ದಿನ ಮಧ್ಯಾಹ್ನ, ಬೋಳುಗುಡ್ಡದ ನೆತ್ತಿಯ ಮೇಲೆ, ಕಾಲುಚೀಲದೊಳಗೆ ಹೊಕ್ಕು ರಕ್ತ ಹೀರುತ್ತಿದ್ದ ಇಂಬಳ ಕೀಳಲು ಬಗ್ಗಿದೆ. ತಲೆ ಎತ್ತಿದಾಗ ದಾರಿಯಿರಲಿಲ್ಲ. ಸುತ್ತ ಬರೀ ಬಿಳಿ. ಎಡಗಡೆಯಿಂದ ಅವರ ಕೂ ಬಂತು. ಎಡಕ್ಕೆ ನಡೆದೆ. ಮತ್ತೊಂದು ಕೂ ಬಲದಿಂದ ಬಂದಂತಾಯಿತು. ಕೂರಬೇಕೆಂಬುದು ನೆನಪಿತ್ತು. ಆದರೆ ಮಗ್ಗಿ ಮರೆತ ಹುಡುಗನಂತೆ ಕೂತವನನ್ನು ಅವರೆಲ್ಲ ಬಂದು ನೋಡುವುದು ನನಗೆ ಬೇಡವಾಗಿತ್ತು. ಇನ್ನೂ ನಡೆದೆ. ಬೂಟಿಗೆ ತಾಗಿ ಒಂದು ಕಲ್ಲು ಉರುಳಿತು. ಅದು ಬಿದ್ದ ಸದ್ದು ಕೇಳಲಿಲ್ಲ. ಕಾದೆ. ಕೇಳಲೇ ಇಲ್ಲ.

ಕೂತೆ. ಕೈಗೆ ಸಿಕ್ಕ ಹುಲ್ಲನ್ನೆಲ್ಲ ಹಿಡಿದು, ಇದ್ದಷ್ಟೂ ಉಸಿರಿನಲ್ಲಿ ಕೂ ಹಾಕಿದೆ.

ಅವರು ಓಗೊಟ್ಟರು. ನಾನು ಮತ್ತೆ ಕೂಗಿದೆ. ಹಾಗೆ ಏಳು ಸಲ. ಪ್ರತಿ ಸಲವೂ ಅವರ ದನಿ ಹತ್ತಿರವಾಯಿತು. ಕೊನೆಗೆ ಬಿಳಿಯೊಳಗಿಂದ ಓರೆ ಭುಜದ ಆಕಾರವೊಂದು ಮೂಡಿತು. ಅವರು ಬೈಯಲಿಲ್ಲ. ಪಕ್ಕದಲ್ಲಿ ಕೂತು ನನ್ನ ಬ್ಯಾಗಿನ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

“ಉಪ್ಪಿನಕಾಯಿ ನಿಮ್ಮತ್ರ ಇದೆ ಅಲ್ವಾ ಸಾರ್? ಮೇಡಂನೋರು ಚಪಾತಿ ಬಿಚ್ಚಿಟ್ಕೊಂಡು ಕಾಯ್ತಿದಾರೆ. ಅದಕ್ಕೇ ಬಂದೆ.”

ಹಿಡಿದ ಹುಲ್ಲು ಬಿಡದೆಯೇ ನಕ್ಕೆ. ನಗು ನಿಲ್ಲುವಷ್ಟರಲ್ಲಿ ಗಾಳಿ ಬೀಸಿ ಮಂಜು ಸರಿಯಿತು. ನನ್ನ ಬೂಟಿನಿಂದ ಎರಡು ಹೆಜ್ಜೆ ಆಚೆಗೆ ಹುಲ್ಲು ಮುಗಿದಿತ್ತು. ತುಂಬಾ ಕೆಳಗೆ ಕಾಡಿನ ತಲೆಗಳು ಬಿಸಿಲಿನಲ್ಲಿ ಹೊಳೆಯುತ್ತಿದ್ದವು. ಅವರೂ ನೋಡಿದರು. ಪಟ್ಟಿ ಹಿಡಿದ ಕೈ ಬಿಡಲಿಲ್ಲ.

ಆ ದಿನದ ಚಪಾತಿಯಷ್ಟು ರುಚಿಯಾದದ್ದನ್ನು ನಾನು ಮತ್ತೆ ತಿಂದಿಲ್ಲ. ಬಾಟಲಿ ಅಲ್ಲೇ ಖಾಲಿಯಾಯಿತು.

ಈಗ ಮೇಸ್ತ್ರಿಗಳಿಗೆ ಮಂಡಿನೋವು, ಗುಡ್ಡ ಹತ್ತುವುದಿಲ್ಲ. ವರ್ಷಕ್ಕೊಮ್ಮೆ ಅದೇ ದಾರಿಯಲ್ಲಿ ವಿದ್ಯಾರ್ಥಿಗಳನ್ನು ನಾನು ಕರೆದೊಯ್ಯುತ್ತೇನೆ. ಅವರು ಎಣಿಸಿದ ಹಾಗೆಯೇ ಎಣಿಸುತ್ತೇನೆ. ಇಳಿದು ಬಂದಾಗ ಅವರು ಕಣದಲ್ಲಿ ಕುರ್ಚಿ ಹಾಕಿ ಕಾಯುತ್ತಿರುತ್ತಾರೆ. ಎಲ್ಲರ ಕೂ ಕೇಳದೆ ಕಾಫಿ ಕೊಡಿಸುವುದಿಲ್ಲ.

ಕಳೆದ ಸಲ ಹನ್ನೊಂದು ಮಕ್ಕಳೂ ಕೂಗಿ ಮುಗಿಸಿದರು. ಮೇಸ್ತ್ರಿಗಳು ನನ್ನ ಕಡೆ ತಿರುಗಿದರು.

“ಸಾರ್, ಇನ್ನೊಂದು ಬಾಕಿ.”

ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಗಂಟಲು ಬಿಟ್ಟು ಕೂ ಹಾಕಿದೆ. ಪಕ್ಕದ ಮನೆಯ ನಾಯಿ ಬೊಗಳಿತು.

“ಹಾಂ,” ಎಂದರು, ಒಳಗೆ ಹೆಂಡತಿಗೆ ಕೇಳುವಂತೆ. “ಎಲ್ರೂ ಬಂದ್ರು. ಕಾಫಿ ಬಗ್ಸು.”