ಕೇಬಲ್ ಅಕ್ಕನ ಎಣ್ಣೆ ಕಡ್ಡಿ

ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರದಲ್ಲೇ ಕೇಬಲ್ ಅಕ್ಕನ ಬಾಗಿಲು ತಟ್ಟಿ, ನಿಮ್ಮಲ್ಲಿ ಎಷ್ಟು ಚಾನೆಲ್ ಬರುತ್ತೆ ಎಂದು ಕೇಳುತ್ತಾರೆ. ಅವಳು ಅವರನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, "ಒಂದೇ ಚಾನೆಲ್. ಬರೀ ಹೊಗೆ," ಎಂದು ಒಳಗೆ ಹೋಗಿಬಿಡುತ್ತಾಳೆ.

ಅವಳ ಕೇಬಲ್ಲೇ ಬೇರೆ. ಅದರ ಒಂದು ತುದಿ ಹಳೆಯ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿ ಕಾರಿನ ಸ್ಟಿಯರಿಂಗ್ ಕೆಳಗಿರುವ ಸಾಕೆಟ್ಟಿಗೆ. ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಒಂದು ಫಿಲ್ಟರ್ ಇರುತ್ತದೆ. ಹೊಗೆಯಲ್ಲಿರುವ ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಗಾಡಿ ದೂರ ಓಡಿದಾಗ ಎಂಜಿನ್ ತಾನೇ ಒಂದಿಷ್ಟು ಹೆಚ್ಚು ಡೀಸೆಲ್ ಬಿಟ್ಟು, ಫಿಲ್ಟರನ್ನು ಕೆಂಡದಂತೆ ಕಾಯಿಸಿ, ಆ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಓಡಿಸದೆ ಮುದ್ದು ಮಾಡಿದರೆ ಮಸಿ ತುಂಬಿ ಗಾಡಿಗೆ ಉಸಿರು ಕಟ್ಟುತ್ತದೆ. ಆಗ ನಿಂತಲ್ಲೇ ಅದನ್ನು ಸುಡಿಸುವುದು ಕೇಬಲ್ ಅಕ್ಕನ ಕಸುಬು. ಮುರಿದ ಲ್ಯಾಪ್‌ಟಾಪಿಗೆ ಅಂಟುಪಟ್ಟಿ ಸುತ್ತಿಕೊಂಡು, ಒಂದು ಕಾಲು ಕುಂಟುವ ಸ್ಟೂಲಿನ ಮೇಲೆ ಕೂತು, ಅವಳು ಈ ಕೆಲಸ ಮಾಡಲು ಶುರುಮಾಡಿ ಆರು ವರ್ಷವಾಯಿತು. ಅಷ್ಟೇ ವರ್ಷದಿಂದ ಅವಳ ಹೊಟ್ಟೆಯಲ್ಲೂ ಒಂದಿಷ್ಟು ಮಸಿ ಉಳಿದುಕೊಂಡಿತ್ತು. ಅದನ್ನು ಸುಡಿಸುವ ಸಾಫ್ಟ್‌ವೇರ್ ಮಾತ್ರ ಅವಳಲ್ಲಿ ಇರಲಿಲ್ಲ.

ಅದಕ್ಕೆ ಮೊದಲು ಅವಳು ಭಾವನ ಗ್ಯಾರೇಜಿನಲ್ಲಿದ್ದಳು. ಅಣ್ಣ ತಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದ ಗ್ಯಾರೇಜು ಅದು. ಅಣ್ಣನದು ಬಾಯಿ, ತಮ್ಮನದು ಕೈ. ಆ ತಮ್ಮನೇ ಇವಳ ಗಂಡ. ಸ್ಪ್ಯಾನರ್ ಹಿಡಿದರೆ ದೇವರಂಥ ಕೆಲಸಗಾರ, ಅಣ್ಣ ಗಂಟಲು ಸರಿಪಡಿಸಿಕೊಂಡರೆ ಸಾಕು ಬೆಕ್ಕಿನ ಮರಿ. ಇವಳು ಒಂದು ವರ್ಷ ಕೈಪಿಡಿ ಓದಿ, ತಪ್ಪಿ, ತಿದ್ದಿಕೊಂಡು ಈ ವಿದ್ಯೆ ಕಲಿತಾಗ ಭಾವ ಗಿರಾಕಿಗಳೆದುರು ನಗುತ್ತಿದ್ದ. "ಎಂಜಿನ್ ರಿಪೇರಿ ಅಂದ್ರೆ ಕೈಗೆ ಗ್ರೀಸ್ ಅಂಟ್ಬೇಕಮ್ಮ. ಇದೇನು ಟೈಪಿಂಗ್ ಕ್ಲಾಸಾ?"

ಒಂದು ಮಧ್ಯಾಹ್ನ ಮೇಷ್ಟ್ರ ಬೆಳ್ಳಿ ಬಣ್ಣದ ಕಾರು ಬಂದಿತ್ತು. ಮೇಷ್ಟ್ರು ಎಂದರೆ ಇವಳಿಗೆ ಏಳನೇ ತರಗತಿಯಲ್ಲಿ ಪಾಠ ಹೇಳಿದವರು. "ಪ್ರಶ್ನೆ ಪೂರ್ತಿ ಓದು, ಆಮೇಲೆ ಉತ್ತರ ಬರಿ," ಎಂದು ಕಿವಿ ಹಿಂಡಿ ಕಲಿಸಿದವರು. ಇವಳ ಉತ್ತರ ಪತ್ರಿಕೆಯನ್ನು ತರಗತಿಗೆಲ್ಲ ಎತ್ತಿ ತೋರಿಸಿದವರು. ನಿವೃತ್ತರಾದ ಮೇಲೆ ಆಸೆಪಟ್ಟು ಕೊಂಡ ಕಾರು ಅದು. ಇವಳು ಕೇಬಲ್ ಸಿಕ್ಕಿಸಿ, "ಎಣ್ಣೆ ನೋಡೋದು ಬಾಕಿ ಇದೆ, ಯಾರೂ ಮುಟ್ಬೇಡಿ," ಎಂದು ಹೇಳಿ ಊಟಕ್ಕೆ ಹೋದಳು. ಒಂದು ಗುಂಡಿ ಒತ್ತುವುದಕ್ಕೆ ಇಷ್ಟೊಂದು ಜಂಬವೇ ಎಂದು ಭಾವ ತಾನೇ ಒತ್ತಿಬಿಟ್ಟ.

ಈ ಕೆಲಸದಲ್ಲಿ ಎಣ್ಣೆ ನೋಡದೆ ಗುಂಡಿ ಒತ್ತಬಾರದು. ಮಸಿ ಸುಡುವುದು ಅರ್ಧಕ್ಕೇ ನಿಂತಾಗಲೆಲ್ಲ, ಬಿಟ್ಟ ಡೀಸೆಲ್ ಉರಿಯದೆ ಕೆಳಗಿಳಿದು ಎಂಜಿನ್ ಎಣ್ಣೆಗೆ ಸೇರುತ್ತದೆ. ಹೀಗೆ ಎಣ್ಣೆಯ ಮಟ್ಟ ಏರಿರುವಾಗ ಸುಡಲು ಹೊರಟರೆ ಎಂಜಿನ್ ತನ್ನ ಎಣ್ಣೆಯನ್ನೇ ಹೀರಿ ಓಡತೊಡಗುತ್ತದೆ. ಬೀಗದ ಕೈ ತೆಗೆದರೂ ನಿಲ್ಲುವುದಿಲ್ಲ. ಮೇಷ್ಟ್ರ ಕಾರು ಮೂರು ನಿಮಿಷ ಅರಚಿ, ಗ್ಯಾರೇಜನ್ನೆಲ್ಲ ಬಿಳಿ ಹೊಗೆಯಲ್ಲಿ ಮುಳುಗಿಸಿ, ಒಂದು ಸದ್ದು ಮಾಡಿ ಸತ್ತಿತು.

ಇವಳು ಎಂಜಲು ಕೈಯಲ್ಲೇ ಓಡಿಬಂದಾಗ ಮೇಷ್ಟ್ರು ಆಗಲೇ ಬಾಗಿಲಲ್ಲಿ ನಿಂತಿದ್ದರು. ಭಾವ ಬೆರಳು ತೋರಿಸಿದ. "ಎಲ್ಲಾ ಇವಳದೇ ಕೆಲಸ. ಬೇಡ ಬೇಡ ಅಂದೆ, ಕೇಳಿದ್ರೆ ತಾನೆ!" ಗಂಡ ಪಕ್ಕದಲ್ಲೇ ಇದ್ದ. ಒತ್ತಿದ್ದು ಯಾರೆಂದು ಕಣ್ಣಾರೆ ಕಂಡಿದ್ದ. ತುಟಿ ಪಿಟಕ್ ಎನ್ನಲಿಲ್ಲ. ಮೇಷ್ಟ್ರು ಅವಳನ್ನೊಮ್ಮೆ ನೋಡಿ, "ಗೊತ್ತಿಲ್ಲದ ಕೆಲಸಕ್ಕೆ ಯಾಕಮ್ಮ ಕೈ ಹಾಕ್ತೀಯ?" ಎಂದಷ್ಟೇ ಹೇಳಿ ಹೊರಟುಹೋದರು. ಬೈದಿದ್ದರೆ ಅವಳು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಅಂದು ಸಂಜೆಯೇ ಅವಳು ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಗ್ಯಾರೇಜು ಬಿಟ್ಟಳು. ಮನೆಯ ಮುಂದಿನ ಕೋಣೆಯಲ್ಲೇ ಕಸುಬು ಹೂಡಿದಳು. ತಿಂಗಳ ಮೇಲೆ ಗಂಡನೂ ಬಾಲ ಮುದುರಿಕೊಂಡು ಅವಳ ಹಿಂದೆಯೇ ಬಂದ. ಅವಳು ಅವನನ್ನು ಬೈಯಲಿಲ್ಲ. ಆ ದಿನದ ಸುದ್ದಿಯನ್ನೇ ಎತ್ತಲಿಲ್ಲ. ಅವನ ಕಾಫಿಯನ್ನು ಮಾತ್ರ ಆರಿಸಿ ಕೊಡತೊಡಗಿದಳು. ದಿನಕ್ಕೆ ಎರಡು ಲೋಟ, ಎರಡೂ ತಣ್ಣಗೆ. ಅವನು ಒಮ್ಮೆಯೂ ಯಾಕೆಂದು ಕೇಳಲಿಲ್ಲ. ಮೇಷ್ಟ್ರು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ವಾಚನಾಲಯದಿಂದ ಅದೇ ಬೀದಿಯಲ್ಲಿ ಮನೆಗೆ ನಡೆದುಹೋಗುತ್ತಿದ್ದರು. ಇವಳ ಬಾಗಿಲ ಹತ್ತಿರ ಬರುವಾಗ ರಸ್ತೆ ದಾಟಿ ಆಚೆ ಬದಿ ಹಿಡಿಯುತ್ತಿದ್ದರು. ಅವಳಿಗೆ ಬೇಕಾಗಿದ್ದದ್ದು ಒಂದೇ. ಒತ್ತಿದ್ದು ಯಾರು ಎಂಬುದು ಭಾವನ ಬಾಯಿಂದಲೇ ಬರಬೇಕು, ಅದು ಮೇಷ್ಟ್ರ ಕಿವಿಗೇ ಬೀಳಬೇಕು.

ಹೋದ ವರ್ಷ ಭಾವ ಒಂದು ಕೆಂಪು ಡೀಸೆಲ್ ಕಾರು ಕೊಂಡ. ಆನೆಯಂಥ ಗಾಡಿ. ಅವನ ಮನೆ ಇದೇ ಬೀದಿಯ ಕೊನೆಗೆ, ಗ್ಯಾರೇಜು ಮಾರುಕಟ್ಟೆಯ ಮೂಲೆಗೆ. ನಡುವೆ ಒಂದೂವರೆ ಕಿಲೋಮೀಟರ್. ನಡೆದರೆ ಹೊಟ್ಟೆಯಾದರೂ ಕರಗುತ್ತಿತ್ತು. ಆದರೆ ಕಾರು ಕೊಂಡಿದ್ದೇ ನಾಲ್ಕು ಜನರಿಗೆ ತೋರಿಸಲಿಕ್ಕೆ. ಬೆಳಿಗ್ಗೆ ಹೋಗುವುದು, ಊಟಕ್ಕೆ ಬರುವುದು, ಮತ್ತೆ ಹೋಗುವುದು, ಸಂಜೆ ಬರುವುದು. ಮೊದಲ ದಿನವೇ ಕಿಟಕಿಯಿಂದ ಅದನ್ನು ನೋಡಿದ ಕೇಬಲ್ ಅಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವಳು ಸೀಮೆಸುಣ್ಣ ತೆಗೆದುಕೊಂಡು ಕಿಟಕಿಯ ಪಕ್ಕದ ಗೋಡೆಯ ಮೇಲೆ ಒಂದು ಗೆರೆ ಎಳೆದಳು.

ಆಮೇಲೆ ದಿನಕ್ಕೊಂದು ಗೆರೆ. ಕೆಲವು ದಿನ ಕಾರು ಬರುವಾಗ ಫ್ಯಾನು ಭೋರ್ ಎನ್ನುತ್ತಿರುತ್ತಿತ್ತು, ಸುಟ್ಟ ವಾಸನೆ ಬೀದಿಗೆಲ್ಲ ಬರುತ್ತಿತ್ತು. ಪಾಪದ ಎಂಜಿನ್ನು ಮಸಿ ಸುಟ್ಟುಕೊಳ್ಳಲು ಒದ್ದಾಡುತ್ತಿದೆ ಎಂದು ಅವಳಿಗೆ ಗೊತ್ತು. ಅಷ್ಟರಲ್ಲಿ ಗೇಟಿನ ಮುಂದೆ ಭಾವ ಠಪ್ಪನೆ ಬಂದ್ ಮಾಡುತ್ತಿದ್ದ. ಅಂಥ ದಿನ ಅವಳು ಗೆರೆಯ ಪಕ್ಕ ಒಂದು ಚುಕ್ಕೆ ಇಡುತ್ತಿದ್ದಳು: ಎಣ್ಣೆಗೆ ಇನ್ನೊಂದಿಷ್ಟು ಡೀಸೆಲ್ ಸೇರಿತು. ತಿಂಗಳಿಗೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ಎಂದು ಅವಳು ಗಿರಾಕಿಗಳಿಗೆಲ್ಲ ಹೇಳುತ್ತಾಳೆ, ಬಾಗಿಲಿಗೆ ಚೀಟಿ ಅಂಟಿಸಿದ್ದಾಳೆ. ಆ ಒಂದು ಮಾತು ಹೋಗಿ ಹೇಳಿದ್ದರೆ ಭಾವನ ಗಾಡಿ ಬದುಕುತ್ತಿತ್ತು. ಅವಳು ಹೇಳಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಗೋಡೆಯ ಮೇಲೆ ಹತ್ತೊಂಬತ್ತು ಚುಕ್ಕೆಗಳಾದಾಗ ಕೆಂಪು ಕಾರು ಕೆಮ್ಮತೊಡಗಿತು. ದೀಪ ಹೊತ್ತಿತು. ಭಾವ ಬ್ಯಾಟರಿ ಕಳಚಿ ಹಾಕಿದ, ಟ್ಯಾಂಕಿಗೆ ಯಾವುದೋ ಔಷಧಿ ಸುರಿದ, ಟೈರಿಗೆ ಒದ್ದ. ಕೊನೆಗೆ ಎಂಜಿನ್ ತನ್ನ ಜೀವ ಉಳಿಸಿಕೊಳ್ಳಲು ವೇಗವನ್ನೇ ಕಟ್ಟಿಹಾಕಿತು. ಏರಿನಲ್ಲಿ ಸೈಕಲ್ಲಿನವರು ಅದನ್ನು ಹಿಂದೆ ಹಾಕಿ ಹೋಗುತ್ತಿದ್ದರಂತೆ. ಆಗ ತಮ್ಮನಿಗೆ ಫೋನು ಬಂತು.

"ಅಣ್ಣ ಕೇಳ್ತಿದ್ದಾರೆ, ಸ್ವಲ್ಪ ನೋಡಕ್ಕಾಗತ್ತಾ ಅಂತ," ಎಂದ ಗಂಡ ನೆಲ ನೋಡುತ್ತ.

"ಆಗತ್ತೆ. ಅವರೇ ತರ್ಲಿ. ನಾಳೆ ಹತ್ತೂವರೆಗೆ."

"ಗ್ಯಾರೇಜಲ್ಲೇ ಮಾಡಿದ್ರೆ..."

"ಒಳಗೆ ಮಾಡೋ ಹಾಗಿಲ್ಲ. ಕೊಳವೆ ಕೆಂಡ ಆಗತ್ತೆ. ಬಯಲಲ್ಲೇ ನಿಲ್ಲಿಸ್ಬೇಕು, ಬೀದೀಲಿ," ಎಂದಳು. ಅದು ಕೆಲಸದ ನಿಯಮವೇ, ಎಳ್ಳಷ್ಟೂ ಸುಳ್ಳಿಲ್ಲ. ಆದರೂ ಅದನ್ನು ಹೇಳುವಾಗ ಅವಳಿಗೆ ಬಾಯಲ್ಲಿ ಸಕ್ಕರೆ ಹಾಕಿಕೊಂಡಂತಿತ್ತು.

ಮರುದಿನ ಭಾವ ಕುಂಟುತ್ತ ಬಂದ. ಅಂದರೆ ಕಾರು ಕುಂಟುತ್ತಿತ್ತು, ಭಾವ ಬೆವರುತ್ತಿದ್ದ. "ಏನಮ್ಮ, ಚೆನ್ನಾಗಿದೀಯಾ?" ಎಂದ, ನಿನ್ನೆಯಷ್ಟೇ ಮಾತಾಡಿಸಿದವನ ಹಾಗೆ. ಅವಳು ಗಂಡನಿಂದ ಬಾನೆಟ್ ಎತ್ತಿಸಿ, ಮಟ್ಟ ತೋರಿಸುವ ಎಣ್ಣೆ ಕಡ್ಡಿಯನ್ನು ಎಳೆದು ನೋಡಿದಳು. ಮೇಲಿನ ಗುರುತು ದಾಟಿ ಎರಡು ಬೆರಳು ಮೇಲಿತ್ತು. ಮೂಸಿದಳು, ಅಪ್ಪಟ ಡೀಸೆಲ್ ವಾಸನೆ. ಅದೇ ಬೆಳ್ಳಿ ಕಾರಿನ ಕಥೆ, ಬಣ್ಣ ಮಾತ್ರ ಕೆಂಪು.

ಏನೂ ಹೇಳದೆ ಕಡ್ಡಿಯನ್ನು ಒರೆಸಿ ವಾಪಸು ತೂರಿಸಿ, ಕೇಬಲ್ ಸಿಕ್ಕಿಸಿ ಸ್ಟೂಲಿನ ಮೇಲೆ ಕೂತಳು. ಒತ್ತಿಬಿಡಲೇ ಎಂದು ಅನಿಸಿದ್ದು ಸುಳ್ಳಲ್ಲ. ಒಂದು ಬೆರಳು. ಮೂರು ನಿಮಿಷ ಅರಚಾಟ, ಬಿಳಿ ಹೊಗೆ, ಭಾವನ ಮುಖ! ಆ ಮುಖವನ್ನು ಅವಳು ಎಷ್ಟೋ ಸಲ ಕಣ್ಣು ಮುಚ್ಚಿ ನೋಡಿದ್ದಳು. ಆದರೆ ಒತ್ತಿದರೆ ಆರು ವರ್ಷದ ಹಿಂದಿನ ಸುಳ್ಳು ಇಂದು ನಿಜವಾಗುತ್ತದೆ. ಇವಳ ತಲೆಗೆ ಕಟ್ಟಿದ್ದನ್ನು ಇವಳೇ ಮಾಡಿ ತೋರಿಸಿದಂತಾಗುತ್ತದೆ. ಅಷ್ಟು ಸುಲಭದಲ್ಲಿ ಭಾವನನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಅವಳು ಗಡಿಯಾರ ನೋಡಿಕೊಂಡು, ಎಂಜಿನ್ ಬಿಸಿಯಾಗಲಿ ಎಂದು ಸುಮ್ಮನೆ ಕಾದಳು.

ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ಮೇಷ್ಟ್ರು ತಿರುವಿನಲ್ಲಿ ಕಂಡರು. ಕಂಕುಳಲ್ಲಿ ಪತ್ರಿಕೆ. ಎಂದಿನಂತೆ ರಸ್ತೆ ದಾಟಿ ಆಚೆ ಬದಿಗೆ ಹೋದರು.

"ಮೇಷ್ಟ್ರೇ!" ಎಂದು ಅವಳು ಕೂಗಿದಳು. ಆರು ವರ್ಷದಲ್ಲಿ ಮೊದಲ ಸಲ. "ಒಂದ್ನಿಮಿಷ ಬನ್ನಿ. ಇಲ್ಲೊಂದು ಪ್ರಶ್ನೆ ಇದೆ, ಪೂರ್ತಿ ಓದಿ ಹೇಳ್ತೀರಾ?"

ಓದಿ ಹೇಳಿ ಎಂದರೆ ಮೇಷ್ಟ್ರಾದವರು ಹೇಗೆ ತಾನೇ ಮುಂದೆ ಹೋಗುತ್ತಾರೆ? ಮುಖ ಗಂಟು ಹಾಕಿಕೊಂಡೇ ರಸ್ತೆ ದಾಟಿ ಬಂದರು. ಭಾವನನ್ನು ಕಂಡು ತಲೆಯಾಡಿಸಿದರು. ಭಾವನ ಬಣ್ಣ ಆಗಲೇ ಇಳಿಯತೊಡಗಿತ್ತು.

ಪರದೆಯ ಮೇಲೆ ಒಂದು ಚೌಕ ಬಂದು ನಿಂತಿತ್ತು. ಮೇಷ್ಟ್ರು ಕನ್ನಡಕ ಏರಿಸಿ, ಮನಸ್ಸಿನಲ್ಲೇ ಇಂಗ್ಲಿಷಿನಿಂದ ಅನುವಾದ ಮಾಡಿಕೊಂಡು, ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು: "ಎಂಜಿನ್ ಎಣ್ಣೆಯ ಮಟ್ಟವನ್ನು ಪರೀಕ್ಷಿಸಿದ್ದೀರಾ? ಮಟ್ಟ ಹೆಚ್ಚಿದ್ದರೆ ಮುಂದುವರಿಯಬೇಡಿ, ಎಂಜಿನ್ ನಾಶವಾಗಬಹುದು. ಹೌದು. ಇಲ್ಲ."

"ಹೌದು ಅಂತ ಒತ್ತಿದ್ರೆ ಮಾತ್ರ ಮುಂದಕ್ಕೆ ಹೋಗತ್ತೆ," ಎಂದಳು ಕೇಬಲ್ ಅಕ್ಕ. ಲ್ಯಾಪ್‌ಟಾಪನ್ನು ಭಾವನ ಕಡೆಗೆ ತಿರುಗಿಸಿದಳು. "ಗಾಡಿ ನಿಮ್ದು. ನೀವೇ ಒತ್ತಿ ಭಾವ."

ಭಾವ ಕೈ ಚಾಚಿದ. ಚಾಚಿದ ಕೈ ಗುಂಡಿಯ ಮೇಲೆ ನಿಂತುಬಿಟ್ಟಿತು.

"ಎಣ್ಣೆ... ನೀನು ನೋಡಿದ್ಯಲ್ಲ? ಸರಿ ಇದೆ ತಾನೆ?"

"ಯಾಕೆ, ನೋಡ್ದೇ ಒತ್ತಿದ್ರೆ ಏನಾಗತ್ತೆ?"

ಭಾವ ಕೈ ಹಿಂದಕ್ಕೆಳೆದುಕೊಂಡು ಓಡಿಹೋಗಿ ಕಡ್ಡಿ ಎಳೆದು ನೋಡಿದ. "ಅಯ್ಯೋ, ಬಂದ್ ಮಾಡು! ಬಂದ್ ಮಾಡಮ್ಮ! ಇಷ್ಟು ಎಣ್ಣೆ ಇಟ್ಕೊಂಡು ಸುಡಿಸಿದ್ರೆ ಎಂಜಿನ್ ಹುಚ್ಚೆದ್ದು ಓಡತ್ತೆ. ಬೀಗದ ಕೈ ತೆಗೆದ್ರೂ ನಿಲ್ಲಲ್ಲ!"

"ಅದು ನಿಮಗೆ ಹೇಗೆ ಗೊತ್ತು?" ಎಂದು ಕೇಳಿದ್ದು ಅವಳಲ್ಲ, ಮೇಷ್ಟ್ರು.

ಎಂಜಿನ್ ಇನ್ನೂ ಗುರ್ ಎನ್ನುತ್ತಿತ್ತು. ಕೇಬಲ್ ಅಕ್ಕ ಮೆಲ್ಲಗೆ ಹೇಳಿದಳು: "ಬೆಳ್ಳಿ ಕಾರಿಗೂ ಇದೇ ಪ್ರಶ್ನೆ ಬಂದಿತ್ತು ಮೇಷ್ಟ್ರೇ. ಯಾರೋ ಹೌದು ಅಂತ ಒತ್ತಿದ್ರು. ಯಾರು ಅಂತ ಭಾವನೇ ಹೇಳ್ಬೇಕು. ಹೇಳೋವರೆಗೂ ನಾನು ಎಣ್ಣೆ ಇಳಿಸಲ್ಲ, ಕೇಬಲ್ಲೂ ತೆಗೆಯಲ್ಲ."

ಭಾವ ತಮ್ಮನ ಕಡೆ ನೋಡಿದ. ಅದೇ ಹಳೆಯ ನೋಟ, ಗಂಟಲು ಸರಿಪಡಿಸಿಕೊಳ್ಳುವುದೂ ಅದೇ. ತಮ್ಮ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಎರಡು ಸಲ ಮಡಿಸಿದ. ಆಮೇಲೆ, "ಹೇಳಣ್ಣ," ಎಂದ. "ಇಲ್ದಿದ್ರೆ ನಾನು ಹೇಳ್ತೀನಿ."

"ನಾನೇ," ಎಂದ ಭಾವ, ಬಾನೆಟ್ಟಿಗೆ ಹೇಳುವಂತೆ. "ನೋಡಿರ್ಲಿಲ್ಲ. ನೋಡ್ದೇನೇ ಹೌದು ಅಂತ ಒತ್ತಿದೆ. ಅವಳು ಅಲ್ಲಿ ಇರ್ಲೇ ಇಲ್ಲ."

ಕೇಬಲ್ ಅಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ ತೊಡೆಯ ಮೇಲಿನ ಲ್ಯಾಪ್‌ಟಾಪ್ ಮರೆತು ಎದ್ದುಬಿಟ್ಟಳು; ಜಾರಿದ್ದನ್ನು ಗಂಡ ಹಿಡಿದುಕೊಂಡ. ಮೇಷ್ಟ್ರು ಕನ್ನಡಕ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದರು. "ಪ್ರಶ್ನೆ ಪೂರ್ತಿ ಓದು ಅಂತ ನಿಮಗೆಲ್ಲ ಹೇಳ್ತಿದ್ದವನು ನಾನು," ಎಂದರು. "ಅವತ್ತು ನಾನು ಒಂದು ಪ್ರಶ್ನೆನೂ ಕೇಳ್ಲಿಲ್ಲ. ತಪ್ಪಾಯ್ತಮ್ಮ." ಅವಳು ಸ್ಟೂಲು ಅವರ ಕಡೆ ಸರಿಸಿ, "ಕೂತ್ಕೊಳಿ. ಕೆಲಸ ಹೇಗೆ ಮಾಡೋದು ಅಂತ ತೋರಿಸ್ತೀನಿ," ಎಂದಳು.

ಆಮೇಲೆ ಮಾಡಿದ್ದೆಲ್ಲ ಕ್ರಮವಾಗಿ. ಎಂಜಿನ್ ಆರಿಸಿ ಕೆಟ್ಟ ಎಣ್ಣೆ ಇಳಿಸಿ ಹೊಸದು ತುಂಬಿಸಿದಳು. ಕೊಳವೆಯ ಕೆಳಗಿದ್ದ ಒಣ ಎಲೆಗಳನ್ನು ಭಾವನ ಕೈಯಲ್ಲೇ ಗುಡಿಸಿಸಿದಳು. ಮೇಷ್ಟ್ರು ಪ್ರಶ್ನೆಗಳನ್ನು ಒಂದೊಂದಾಗಿ ಓದಿದರು, ಅವಳು ಒಂದೊಂದನ್ನೂ ನೋಡಿ ಒತ್ತಿದಳು. ಎಂಜಿನ್ ದನಿ ಏರಿತು, ಕೊಳವೆಯ ಸುತ್ತ ಗಾಳಿ ನಡುಗಿತು. ಪರದೆಯಲ್ಲಿ ಮೂವತ್ತೆಂಟು ಗ್ರಾಂ ಇದ್ದ ಮಸಿ ಮೂವತ್ತಾಯಿತು, ಹದಿನೆಂಟಾಯಿತು, ನಲವತ್ತು ನಿಮಿಷದಲ್ಲಿ ನಾಲ್ಕಕ್ಕೆ ಇಳಿಯಿತು. ಅಷ್ಟು ಹೊತ್ತೂ ಭಾವನನ್ನು ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಅಪ್ಪಿಕೊಂಡು ಬಿಸಿಲಿನಲ್ಲಿ ನಿಲ್ಲಿಸಿದ್ದಳು. ಅದೂ ಕೆಲಸದ ನಿಯಮವೇ. ನೆರಳಿನಲ್ಲೂ ನಿಲ್ಲಬಹುದು ಎಂದು ಮಾತ್ರ ಅವಳು ಹೇಳಲಿಲ್ಲ.

ಮೇಷ್ಟ್ರು ಮನೆಗೆ ಹೊರಟರು, ರಸ್ತೆಯ ಈ ಬದಿಯಲ್ಲೇ. ಗಂಡನಿಗೆ ಅಂದು ಲೋಟ ಮುಟ್ಟಲಾರದಷ್ಟು ಬಿಸಿ ಕಾಫಿ ಸಿಕ್ಕಿತು. ಅವನು ಅದನ್ನು ಕುಡಿಯದೆ ಬಹಳ ಹೊತ್ತು ಹಿಡಿದುಕೊಂಡೇ ಇದ್ದ.

ಭಾವ ಹೊರಡುವ ಮುಂಚೆ ಸ್ಟಿಯರಿಂಗ್ ಹಿಡಿದುಕೊಂಡು, ದನಿ ತಗ್ಗಿಸಿ ಕೇಳಿದ. "ಎಲ್ಲಾ ಮುಗೀತಲ್ಲಮ್ಮ? ಇನ್ಮೇಲೆ ಹೀಗಾಗ್ದೇ ಇರೋಕೆ ನಾನೇನಾದ್ರೂ ಮಾಡ್ಬೇಕಾ?"

ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಬೇಕೆಂಬ ಚೀಟಿ ಅವಳ ಬೆನ್ನ ಹಿಂದೆ ಬಾಗಿಲಿನ ಮೇಲಿತ್ತು. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅದಕ್ಕೆ ಅಡ್ಡವಾಗಿ ನಿಂತಳು.

"ಏನೂ ಬೇಡ ಭಾವ," ಎಂದಳು. "ಈಗ ಹೇಗೆ ಓಡಿಸ್ತಿದೀರೋ ಹಾಗೇ ಓಡಿಸಿ."

ಕೆಂಪು ಕಾರು ಹಕ್ಕಿಯಂತೆ ಹೊರಟು, ಬೀದಿಯ ಕೊನೆಯ ಗೇಟಿನ ಮುಂದೆ ಹೋಗಿ ನಿಂತಿತು. ಕೇಬಲ್ ಅಕ್ಕ ಒದ್ದೆ ಬಟ್ಟೆಯಿಂದ ಗೋಡೆಯ ಮೇಲಿನ ಗೆರೆ ಚುಕ್ಕೆಗಳನ್ನೆಲ್ಲ ಒರೆಸಿದಳು. ಗೋಡೆ ಒಣಗುವವರೆಗೆ ಕಾದು, ಸೀಮೆಸುಣ್ಣ ತೆಗೆದುಕೊಂಡು, ಹೊಸದಾಗಿ ಒಂದು ಗೆರೆ ಎಳೆದಳು.